ನಿಮಗೆ ಮಾತ್ರ ಗೊತ್ತಿರುವುದು

ಬ್ರಿಸ್ಟಲ್, 8 ಫೆಬ್ರವರಿ 2026

ಡೆನ್ಜಿಲ್,

ನಿನ್ನ ಕ್ರಿಸ್‌ಮಸ್ ಕಾಗದ ಜನವರಿ ಕೊನೆಗೆ ಬಂತು. ಅಪ್ಪ ಇದ್ದಿದ್ರೆ ಅಂಚೆಯವರ ಮಾನ ಹೋಯ್ತು ಅಂತ ಹಣೆ ಹಣೆ ಚಚ್ಚಿಕೊಳ್ತಿದ್ರು. ಮೂವತ್ತು ವರ್ಷ ಟ್ರೂರೋ ಅಂಚೆ ಕಚೇರೀಲಿ ಕಾಗದ ವಿಂಗಡಿಸಿದವರು. 'ಫೋನಲ್ಲಿ ಆಡಿದ್ದು ಗಾಳಿಗೆ ಹೋಗ್ತದೆ, ಕಾಗದದಲ್ಲಿ ಬರೆದಿದ್ದನ್ನ ನಾಳೆ ಮುಖಕ್ಕೆ ಹಿಡಿಯಬಹುದು' ಅನ್ನೋರು. ನಂಗೆ ಐವತ್ತೇಳು, ನಿಂಗೆ ಐವತ್ತೊಂದು ಆದ್ರೂ ನಾವಿಬ್ರೂ ಅದನ್ನೇ ನಡೆಸ್ಕೊಂಡು ಬಂದಿದ್ದೀವಿ.

ಇಲ್ಲಿ ನಮ್ಮ ಕಂಪನೀಲಿ, ಕಡಲಹಕ್ಕಿ ಹೆಸರಿಟ್ಟುಕೊಂಡ ಈ ಕಿಟಿವೇಕ್‌ನಲ್ಲಿ, ಉಸಿರು ಬಿಡೋಕೆ ಪುರುಸೊತ್ತಿಲ್ಲ. ಜೂನ್‌ನಲ್ಲಿ ನಮ್ಮ ಚಿಪ್ ತೈವಾನಿನ ಕಾರ್ಖಾನೆಗೆ ಹೋಗಬೇಕು. ಎಐ ಚಿಪ್ ಅಂದ್ರೆ ಕರೆಂಟು ಕುಡಿಯೋ ರಾಕ್ಷಸ ಅಂದ್ಕೊಂಡಿದೆ ಲೋಕ. ನಮ್ಮದು ಗಡಿಯಾರದ ಬ್ಯಾಟರೀಲಿ ಓಡ್ತದೆ. ಎಪ್ಪತ್ತಾರು ಜನ, ಏಳು ವರ್ಷ. ಕಾರ್ಖಾನೆಗೆ ಹೋದ ಮೇಲೆ ಒಂದು ಗೆರೇನೂ ತಿದ್ದೋಕಾಗಲ್ಲ. ಅದಕ್ಕೇ ಹೋಗೋ ಮುಂಚೆ ತಪ್ಪು ಹುಡುಕೋಕೆ ನಾನೂ ನನ್ನ ಎಂಟು ಜನರೂ ಇರೋದು.

ಒಂದು ತಮಾಷೆ ಕೇಳು. ಹೋದ ವಾರ ಎಲ್ಲರಿಗೂ ಒಂದು ಫಾರಂ ಕೊಟ್ಟರು. ಹೆಸರು, ಎಷ್ಟು ವರ್ಷದಿಂದ ಇದ್ದೀರಿ, ಆಮೇಲೆ ಒಂದು ಪ್ರಶ್ನೆ: 'ನಿಮಗೆ ಮಾತ್ರ ಗೊತ್ತಿರುವುದು ಏನು?' ನಾನು ಬರೆದೆ: 'ಏನೂ ಇಲ್ಲ. ನನಗೆ ಗೊತ್ತಿರೋದೆಲ್ಲ 1,140 ಪುಟದಲ್ಲಿ ಬರೆದಿಟ್ಟಿದ್ದೇನೆ. ಯಾರು ಬೇಕಾದ್ರೂ ಓದಿ ಮಾಡಬಹುದು.' ಹೆಮ್ಮೆಯಿಂದಲೇ ಬರೆದೆ ಕಣೋ. ನಾನು ನಾಳೆ ಬಸ್ಸಿನಡಿ ಸಿಕ್ಕಿದ್ರೂ ಕೆಲಸ ನಿಲ್ಲಬಾರದು ಅಂತ ಹುಡುಗರಿಗೆ ಹೇಳಿ ಹೇಳಿ ನಂಗೆ ಬಾಯಿ ನೋವು ಬಂದಿದೆ.

ಈಗ ನಿನ್ನಿಂದ ಒಂದು ಉಪಕಾರ. ನಮ್ಮ ಒಪ್ಪಂದ ನೆನಪಿದೆ: ನಿನ್ನ ಮಂಗಳವಾರದ ಪತ್ರಿಕೆ ನಾನು ಓದಲ್ಲ, ನನ್ನ ಆಫೀಸಿನ ಮಾತು ನೀನು ಬರೆಯಲ್ಲ. ಯಾವ ಚಿಪ್ ಕಂಪನಿ ಮುಂದೆ ಯಾರ ಜೊತೆ ಲೈಸೆನ್ಸ್ ಒಪ್ಪಂದ ಮಾಡ್ಕೊಳ್ತದೆ ಅಂತ ಊಹೆ ಮಾಡಿ ಮಾರೋದು ನಿನ್ನ ಹೊಟ್ಟೆಪಾಡು, ನಂಗದು ಬೇಡ. ಆದ್ರೆ ಇಲ್ಲಿ ಟೀ ಹೊತ್ತಲ್ಲಿ ಎಲ್ಲರ ಬಾಯಲ್ಲೂ ದೊಡ್ಡಪ್ಪನ ಮಾತೇ. ನಿಮ್ಮೂರಿನ ಆ ದೊಡ್ಡ ಕಂಪನಿಗೆ ನಾವಿಟ್ಟ ಹೆಸರು. ಮುಂದೆ ಯಾರ ಅಂಗಳಕ್ಕೆ ಕಾಲಿಡ್ತಾನೋ ಅಂತ ಗುಸುಗುಸು. ನನ್ನ ಗುಂಪಿನ ಗ್ವಿಲಿಮ್‌ಗೆ ಕಾರ್ಡಿಫ್‌ನಲ್ಲಿ ಒಳ್ಳೇ ಕೆಲಸ ಸಿಕ್ಕಿದೆ, ಮಾರ್ಚ್ ಆರರೊಳಗೆ ಉತ್ತರ ಹೇಳಬೇಕು. ಹೆಂಡತಿ ಬಸುರಿ. 'ಹೆಸ್ಟರ್, ಇರಲೋ ಹೋಗಲೋ?' ಅಂತಾನೆ. ನಿಂಗೇನಾದ್ರೂ ಗೊತ್ತಿದ್ರೆ ನಂಗೆ ಹೇಳು, ಅಷ್ಟೇ.

ನಿನ್ನ ಅಕ್ಕ,
ಹೆಸ್ಟರ್

*

ಸ್ಯಾನ್ ಹೋಸೆ, 19 ಫೆಬ್ರವರಿ 2026

ಪ್ರೀತಿಯ ಅಕ್ಕ,

ನಿನ್ನ ಕಾಗದ ಮೊನ್ನೆ ಮಂಗಳವಾರ ಕೈಸೇರಿತು. ಇಲ್ಲಿ ಹಿತ್ತಲಿನ ನಿಂಬೆ ಗಿಡ ಕಾಯಿ ಭಾರಕ್ಕೆ ಬಾಗಿದೆ, ಪಕ್ಕದ ಮನೆಯವರಿಗೆ ಕೊಟ್ಟು ಕೊಟ್ಟು ಅವರು ಈಗ ನನ್ನ ಕಂಡರೆ ಬಾಗಿಲು ಹಾಕಿಕೊಳ್ಳುತ್ತಾರೆ.

ಆ ಫಾರಂ ಓದಿ ನಕ್ಕೆ. ಸುಮ್ಮನೆ ಕುತೂಹಲಕ್ಕೆ ಕೇಳುತ್ತೇನೆ: ಅದನ್ನು ಹಂಚಿದವರು ನಿಮ್ಮವರೋ, ಹೊರಗಿನ ವಕೀಲರೋ? ಕೆಳಗಡೆ ಯಾರದ್ದಾದರೂ ಹೆಸರಿದೆಯಾ? ಎಲ್ಲರಿಗೂ ಕೊಟ್ಟರಾ? ಒಂದು ಪ್ರತಿ ಇದ್ದರೆ ಕಳಿಸು. ನಿನ್ನ ಕೆಲಸದ ಬಗ್ಗೆ ನಾನು ಇಷ್ಟು ವರ್ಷ ಸರಿಯಾಗಿ ಕೇಳಲೇ ಇಲ್ಲ ಅನ್ನಿಸಿತು.

ಗ್ವಿಲಿಮ್ ವಿಚಾರ. ಅವರವರ ಹಣೆಬರಹ ಅವರವರೇ ನೋಡಿಕೊಳ್ಳಬೇಕು. ಈ ಉದ್ಯಮದಲ್ಲಿ ಗಾಳಿ ಯಾವಾಗ ತಿರುಗುತ್ತದೋ ಯಾರಿಗೆ ಗೊತ್ತು. ಇದ್ದರೂ ಒಳ್ಳೆಯದೇ, ಹೋದರೂ ಒಳ್ಳೆಯದೇ.

ಪ್ರೀತಿಯಿಂದ,
ಡೆನ್ಜಿಲ್

*

ಬ್ರಿಸ್ಟಲ್, 7 ಮಾರ್ಚ್ 2026

ಡೆನ್ಜಿ,

ಸೋಮವಾರ ನಿನ್ನ ಕಾಗದ ಬಂತು. ಎರಡು ಸಲ ಓದಿದೆ. ನಾವು ಕಾಗದ ಬರ್ಕೊಳ್ತಿರೋ ಈ ಇಪ್ಪತ್ತೆಂಟು ವರ್ಷದಲ್ಲಿ ಇದೇ ಮೊದಲು ನೀನು ನನ್ನ ಕೆಲಸ ಏನು ಅಂತ ಕೇಳಿರೋದು. ಸುಳ್ಳು ಯಾಕೆ ಹೇಳಲಿ, ಕಣ್ಣು ಒದ್ದೆಯಾಯ್ತು.

ಫಾರಂನ ಪ್ರತಿ ಇದರ ಜೊತೆ ಇಟ್ಟಿದ್ದೀನಿ, ಖಾಲಿದೇ ಎರಡಿತ್ತು, ಒಂದು ನಂಗೆ ಒಂದು ನಿಂಗೆ. ಹೌದು, ಹಂಚಿದವರು ಲಂಡನ್ನಿನ ವಕೀಲರು, ಹೆಸರು ಕೆಳಗಡೆ ಸಣ್ಣಕ್ಷರದಲ್ಲಿದೆ. ಎಲ್ಲ ಎಪ್ಪತ್ತಾರು ಜನಕ್ಕೂ ಕೊಟ್ಟರು. ಪೇಟೆಂಟಿಗೆ ಯಾರ್‍ಯಾರ ಹೆಸರು ಸೇರಿಸಬೇಕು ಅಂತ ನೋಡೋಕೆ ಇರಬೇಕು ಅಂತ ನನ್ನ ಲೆಕ್ಕಾಚಾರ.

ಗ್ವಿಲಿಮ್ ಬಗ್ಗೆ ನೀನು ಬರೆದದ್ದು ಮಾತ್ರ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿತ್ತು. ಇರಲಿ, ಅದರಲ್ಲೇ ಉತ್ತರ ಇದೆ ಅಂದ್ಕೊಂಡೆ. ಗುರುವಾರ ಊಟದ ಹೊತ್ತಲ್ಲಿ ಅವನನ್ನ ಬಂದರಿನ ಕಟ್ಟೆ ಮೇಲೆ ಕೂರಿಸಿಕೊಂಡು ನಿನ್ನ ಕಾಗದ ಓದಿದೆ.

'ಅಂದ್ರೆ ಏನರ್ಥ?' ಅಂದ.

'ಅಂದ್ರೆ ಏನೂ ಇಲ್ಲ ಅಂತ. ಇದ್ದಿದ್ರೆ ನನ್ನ ತಮ್ಮ ಹೇಳ್ತಿದ್ದ. ಅವನು ಬಾಯಿಬಡುಕ, ಊರಿಗೆಲ್ಲ ಊಹೆ ಹಂಚ್ತಾನೆ, ಸ್ವಂತ ಅಕ್ಕನಿಗೆ ಹೇಳದೆ ಇರ್ತಾನಾ?'

ನಿನ್ನೆ ಅವನು ಕಾರ್ಡಿಫ್‌ಗೆ ಬರಲ್ಲ ಅಂತ ತಿಳಿಸಿದ. ಸಂಜೆ ನಂಗೊಂದು ಗ್ಲಾಸ್ ಸೈಡರ್ ಕುಡಿಸಿದ. ಈಗ ಜೂನ್‌ವರೆಗೆ ನನ್ನ ಗುಂಪು ಗಟ್ಟಿ.

ಹೆಸ್ಟರ್

*

ಸ್ಯಾನ್ ಹೋಸೆ, 18 ಮಾರ್ಚ್ 2026

ಅಕ್ಕ,

ಫಾರಂ ಸಿಕ್ಕಿತು. ಥ್ಯಾಂಕ್ಸ್.

ನನ್ನ ಹೆಸರು ಹೇಳಿ ಯಾರಿಗೂ ಭರವಸೆ ಕೊಡಬೇಡ, ದಯವಿಟ್ಟು. ಗ್ವಿಲಿಮ್‌ಗೆ ನಾನು ಇರು ಅಂತಲೂ ಹೇಳಿಲ್ಲ, ಹೋಗು ಅಂತಲೂ ಹೇಳಿಲ್ಲ.

ಈ ವಾರ ಕೆಲಸ ಬಹಳ. ಇಲ್ಲಿ ಒಂದು ಸಾಲು ಬರೆದು ಹೊಡೆದುಹಾಕಿದ್ದೇನೆ, ಅದನ್ನು ಬೆಳಕಿಗೆ ಹಿಡಿದು ಓದಲು ಹೋಗಬೇಡ, ಮುಖ್ಯವಾದದ್ದೇನಲ್ಲ. ಆರೋಗ್ಯ ನೋಡಿಕೋ.

ಡೆನ್ಜಿಲ್

*

ಬ್ರಿಸ್ಟಲ್, 25 ಮಾರ್ಚ್ 2026

ಡೆನ್ಜಿಲ್,

ಇವತ್ತು ಬೆಳಿಗ್ಗೆ ಟೀ ಮಾಡೋಕೆ ಹೋದ್ರೆ ಕೆಟಲ್ ಮೇಲಿನ ಗೋಡೆಗೆ ನಿನ್ನ ನಿನ್ನೆಯ ಪತ್ರಿಕೆ ಅಂಟಿಸಿದ್ದರು. 'ಮುಂದಿನ ಲೈಸೆನ್ಸ್ ಮದುವೆಗಳು: ಐದು ಊಹೆ'. ಎರಡನೇ ಊಹೆಗೆ ಯಾರೋ ಕೆಂಪು ಪೆನ್ನಲ್ಲಿ ಗೆರೆ ಎಳೆದಿದ್ದರು. ಯಾರೋ ಏನು, ಗ್ವಿಲಿಮ್ಮೇ.

'ಪಶ್ಚಿಮ ಇಂಗ್ಲೆಂಡಿನ ಒಂದು ಕಡಲಹಕ್ಕಿಗೆ ಗೂಡು ಬದಲಾಯಿಸುವ ಕಾಲ ಬಂದಿದೆ. ಕಂಪನಿ ಮಾರಿದರೆ ಸರ್ಕಾರ ಪ್ರಶ್ನೆ ಕೇಳುತ್ತದೆ. ಲೈಸೆನ್ಸ್ ತೆಗೆದುಕೊಂಡು ಬೇಕಾದ ಹತ್ತು ತಲೆಗಳನ್ನು ಕರೆದುಕೊಂಡರೆ ಯಾರೂ ಕೇಳುವುದಿಲ್ಲ. ತಲೆಗಳ ಎಣಿಕೆ ಆಗಲೇ ಶುರುವಾಗಿದೆ. ನಿಮಗೆ ಮಾತ್ರ ಗೊತ್ತಿರುವುದು ಏನು ಎಂದು ಕೇಳುವ ಫಾರಂ ಒಂದನ್ನು ನಾನು ಕಣ್ಣಾರೆ ನೋಡಿದ್ದೇನೆ.'

ಕಣ್ಣಾರೆ ನೋಡಿದೆಯಾ? ನಾನು ಲಕೋಟೆಗೆ ಹಾಕಿ, ಅಂಚೆಚೀಟಿ ಅಂಟಿಸಿ ಕಳಿಸಿದ್ದನ್ನ ನೋಡಿದೆ ಕಣೋ! ನನ್ನ ಕೆಲಸದ ಬಗ್ಗೆ ಕೇಳಿದ ಅಂತ ಕಣ್ಣೀರು ಹಾಕಿದ ನನ್ನಂಥ ಪೆದ್ದಿ ಈ ಬ್ರಿಸ್ಟಲ್‌ನಲ್ಲಿ ಇನ್ನೊಬ್ಬಳಿಲ್ಲ.

ಹತ್ತು ಗಂಟೆಗೆ ಕ್ರಿಸ್ಪಿನ್ ಏಲ್ವರ್ಡ್ ಒಳಗೆ ಕರೆದ. ಈ ಕಂಪನಿ ಕಟ್ಟಿದವನು, ಏಳು ವರ್ಷದ ಹಿಂದೆ ನನ್ನ ಅಡುಗೆಮನೇಲಿ ಕೂತು 'ನೀವಿಲ್ಲದೆ ಆಗಲ್ಲ' ಅಂದವನು. 'ಹೊರಗೆ ಯಾರು ಮಾತಾಡಿದ್ರು ಅಂತ ಗೊತ್ತಾ ನಿಮಗೆ?' ಅಂದ. 'ನಾನೇ' ಅಂದೆ. ಇನ್ನೇನು ಹೇಳಲಿ. 'ಇದರಲ್ಲಿ ಬರೆದಿರೋದು ನಿಜವಾ?' ಅಂತ ನಾನು ಕೇಳಿದೆ. ಕಿಟಕಿ ಕಡೆ ನೋಡ್ಕೊಂಡು, 'ಊಹೆಗೆಲ್ಲ ನಾವು ಉತ್ತರ ಕೊಡಲ್ಲ' ಅಂದ.

ನಂಗೆ ಒಂದು ಗೆರೆ ಬರೆದಿದ್ರೆ ಸಾಕಿತ್ತು: 'ಗ್ವಿಲಿಮ್ ಹೋಗಲಿ.' ಎರಡು ಪದ. ಊರಿಗೆಲ್ಲ ಡಂಗುರ ಹೊಡೆಯೋಕೆ ಬಾಯಿತ್ತು, ಅಕ್ಕನಿಗೆ ಎರಡು ಪದ ಬರೆಯೋಕೆ ಕೈ ಬರಲಿಲ್ಲ. ಯಾಕೆ? ಉತ್ತರ ಬೇಕು ನಂಗೆ.

ಹೆಸ್ಟರ್

*

ಸ್ಯಾನ್ ಹೋಸೆ, 3 ಏಪ್ರಿಲ್ 2026

ಅಕ್ಕ,

ಬೈದದ್ದು ಸರಿ. ಆದರೆ ನನ್ನ ಮಾತನ್ನೂ ಕೇಳು.

ನಾನು ಕಂಪನಿಯ ಹೆಸರು ಬರೆಯಲಿಲ್ಲ. ನಿನ್ನ ಹೆಸರಂತೂ ಇಲ್ಲವೇ ಇಲ್ಲ. ಊಹೆ ಮಾಡುವುದು ನನ್ನ ವೃತ್ತಿ. ಹಣ ಕೊಟ್ಟು ಓದುವವರಿಗೆ ಹೇಳುವ ಮುಂಚೆ ಮನೆಯವರಿಗೆ ಹೇಳಿದರೆ ಈ ವೃತ್ತಿಯಲ್ಲಿ ಅದು ಅಪರಾಧ, ಕಾನೂನೇ ಹಾಗಿದೆ. ಎಲ್ಲರಿಗೂ ಒಟ್ಟಿಗೆ ಹೇಳಿದರೆ ನ್ಯಾಯ. ನಿನಗೂ ಎಲ್ಲರ ಜೊತೆಗೇ ಗೊತ್ತಾಯಿತಲ್ಲ.

ಅದಿರಲಿ, ಈಗ ಮುಖ್ಯವಾದದ್ದು ಬೇರೆ. ಆ ಫಾರಂನಲ್ಲಿ 'ಏನೂ ಇಲ್ಲ' ಅಂತ ಬರೆದೆಯಲ್ಲ, ಅಯ್ಯೋ ದೇವರೇ, ಯಾಕೆ ಬರೆದೆ! ತಕ್ಷಣ ಹೋಗಿ ಅದನ್ನು ವಾಪಸ್ ತೆಗೆದುಕೊಂಡು ಬೇರೆ ಬರೆ. ಸುಳ್ಳಾದರೂ ಪರವಾಗಿಲ್ಲ. ನಿನ್ನ ತಲೆಯಲ್ಲಿ ಮಾತ್ರ ಇರುವ ಹತ್ತು ವಿಷಯ ಪಟ್ಟಿ ಮಾಡು. ಯಾರನ್ನು ಕರೆದುಕೊಳ್ಳಬೇಕು, ಯಾರನ್ನು ಬಿಡಬೇಕು ಅಂತ ಅದನ್ನು ನೋಡಿಯೇ ತೀರ್ಮಾನ ಮಾಡುತ್ತಾರೆ.

ಡೆನ್ಜಿಲ್

*

ಬ್ರಿಸ್ಟಲ್, 15 ಏಪ್ರಿಲ್ 2026

ಡೆನ್ಜಿಲ್ ಪಾಸ್ಕೋ,

ನಿನ್ನ ಬುದ್ಧಿವಾದ ನಿನ್ನೆ ಬಂತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ದೊಡ್ಡಪ್ಪನ ಕಡೆಯವರು ಬಂದದ್ದು ಒಂಬತ್ತನೇ ತಾರೀಖು, ಗುರುವಾರ.

ಹೇಳ್ತೀನಿ ಕೇಳು. ಬೆಳಿಗ್ಗೆ ಹತ್ತೂವರೆಗೆ ಎಲ್ಲರೂ ಊಟದ ಹಾಲಿಗೆ ಬನ್ನಿ ಅಂದರು. ಒಳ್ಳೇ ಬಿಸ್ಕತ್ತು ಇಟ್ಟಿದ್ದರು, ಚಾಕಲೇಟ್ ಬಳಿದದ್ದು. ಅದನ್ನ ನೋಡಿದ ಕೂಡಲೇ ನಂಗೆ ಗೊತ್ತಾಯ್ತು. ಕ್ರಿಸ್ಪಿನ್ ಎದ್ದು ನಿಂತು, 'ಇದು ಮಾರಾಟ ಅಲ್ಲ, ಇದು ಪಾಲುದಾರಿಕೆ' ಅಂದ. ದೊಡ್ಡಪ್ಪನಿಗೆ ನಮ್ಮ ವಿನ್ಯಾಸದ ಲೈಸೆನ್ಸ್. ಜೊತೆಗೆ ಕ್ರಿಸ್ಪಿನ್ನನ್ನೂ ಸೇರಿಸಿ ಹದಿನಾಲ್ಕು ಜನ ಅವರ ಕಡೆ ಹೋಗ್ತಾರೆ. ಕಿಟಿವೇಕ್ 'ಸ್ವತಂತ್ರ ಕಂಪನಿಯಾಗಿ ಮುಂದುವರಿಯುತ್ತದೆ'. ಬೆಣ್ಣೆ ಎತ್ತಿಕೊಂಡು ಹೋಗಿ, ಮಜ್ಜಿಗೆ ನಿಮ್ಮದೇ, ಸ್ವತಂತ್ರವಾಗಿ ಕುಡೀರಿ ಅಂದ ಹಾಗೆ. ಜೂನ್‌ನಲ್ಲಿ ಕಾರ್ಖಾನೆಗೆ ಕಳಿಸೋದು ರದ್ದು. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ!

ಹದಿನಾಲ್ಕು ಹೆಸರು ಓದಿದ. ನನ್ನ ಗುಂಪಿನವರು ಒಬ್ಬರೂ ಇಲ್ಲ. ಒಬ್ಬರೂ!

ಎಲ್ಲರೂ ಚದುರಿದ ಮೇಲೆ ನಾನು ಹೋಗಿ ಅವನ ಮುಂದೆ ನಿಂತೆ.

'ಕ್ರಿಸ್ಪಿನ್, ನಮ್ಮ ಒಂಬತ್ತು ಜನ ಏನು ತಪ್ಪು ಮಾಡಿದ್ವಿ?'

'ತಪ್ಪೇನಿಲ್ಲ ಹೆಸ್ಟರ್. ನಿಮ್ಮ ಕೆಲಸ ಅದ್ಭುತ. ಅವರೂ ಹಾಗೇ ಹೇಳಿದ್ರು.'

'ಮತ್ತೆ?'

'ನಿಮ್ಮದೆಲ್ಲ ಪುಟದಲ್ಲಿದೆಯಲ್ಲ. ಪುಟ ಲೈಸೆನ್ಸ್ ಜೊತೆಗೇ ಹೋಗ್ತದೆ. ಮತ್ತೆ ಜನ ಯಾಕೆ ಬೇಕು ಅಂತ ಕೇಳಿದ್ರು.'

ಆಮೇಲೆ ಗೊತ್ತಾಯ್ತು, ನನ್ನ ಎಂಟು ಜನರೂ ಆ ಫಾರಂನಲ್ಲಿ 'ಏನೂ ಇಲ್ಲ' ಅಂತಲೇ ಬರೆದಿದ್ದಾರೆ. ನಾನು ಕಲಿಸಿದ ಪಾಠ. ಏಳು ವರ್ಷದಲ್ಲಿ ಒಂದು ಗೆರೆ ಬರೆದಿಡದೆ, ಕೇಳಿದ್ರೆ 'ಅದು ನನ್ನ ತಲೇಲಿದೆ' ಅಂತ ಹಲ್ಲು ಕಿರಿಯುತ್ತಿದ್ದವರಿಗೆಲ್ಲ ಕರೆ ಬಂದಿದೆ. ಬಚ್ಚಿಟ್ಟವನು ಜಾಣ, ಬರೆದಿಟ್ಟವನು ಕೋಣ. ಎಂಥಾ ನ್ಯಾಯವೋ ಇದು? ಹೊಟ್ಟೆ ಉರೀತಿದೆ ನಂಗೆ.

ಗ್ವಿಲಿಮ್ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. 'ಕಾರ್ಡಿಫ್‌ಗೆ ಫೋನ್ ಮಾಡಿದ್ದೆ, ಆ ಜಾಗ ತುಂಬಿದೆಯಂತೆ' ಅಂದ. ಆಮೇಲೆ, 'ನಿಮ್ಮ ತಮ್ಮನಿಗೆ ಮೊದಲೇ ಗೊತ್ತಿತ್ತಾ?' ಅಂತ ಕೇಳಿದ. ಗೊತ್ತಿಲ್ಲ ಅಂದೆ. ನಿನ್ನ ಪರವಾಗಿ ನಾನು ಆಡೋ ಕೊನೇ ಮಾತು ಅದು.

ಕಾನೂನು ಅಂತೀಯಲ್ಲ, ಯಾವ ಕಾನೂನು? ನಿಂಗೆ ಯಾರು ಯಾವ ಗುಟ್ಟು ಹೇಳಿದ್ರು? ನಾನು ಬರೆದ ಕಾಗದ ಓದಿ ನೀನು ಊಹೆ ಮಾಡಿದೆ. ನನ್ನದೇ ಮಾತು, ನನ್ನದೇ ಫಾರಂ. ನನ್ನ ಮನೆ ಉರಿಯೋದು ನಿಂಗೆ ನನ್ನ ಕಿಟಕಿಯಿಂದಲೇ ಕಾಣ್ತು. ನೀನು ನನ್ನ ಕೂಗದೆ ಪತ್ರಿಕೆಗೆ ಬರೆದೆ. ಯಾವತ್ತು ಗೊತ್ತಾಯ್ತು ನಿಂಗೆ? ತಾರೀಖು ಬರಿ.

ಹೆಸ್ಟರ್

*

ಸ್ಯಾನ್ ಹೋಸೆ, 26 ಏಪ್ರಿಲ್ 2026

ಅಕ್ಕ,

ಫೆಬ್ರವರಿ 17. ನಿನ್ನ ಮೊದಲ ಕಾಗದ ಬಂದ ದಿನ. ಫಾರಂನ ಮಾತು ಓದುತ್ತಿದ್ದ ಹಾಗೇ ಗೊತ್ತಾಯ್ತು. ಹಿಂದೆ ಎರಡು ಕಂಪನಿಗಳಲ್ಲಿ ಇದೇ ಪ್ರಶ್ನೆ ಕೇಳಿದ್ದು ನಂಗೆ ಗೊತ್ತಿತ್ತು. 'ಏನೂ ಇಲ್ಲ' ಅಂತ ಬರೆದವರನ್ನ ಬಿಟ್ಟು ಹೋಗ್ತಾರೆ ಅನ್ನೋದೂ ಗೊತ್ತಿತ್ತು.

ಕಾನೂನು ಅಂದದ್ದು ಸುಳ್ಳು. ನಿಂಗೆ ಹೇಳಿದ್ರೆ ನೀನು ಸೀದಾ ಹೋಗಿ ಕ್ರಿಸ್ಪಿನ್‌ನ ಕೇಳ್ತಿದ್ದೆ, ಸುದ್ದಿ ಹೊರಗೆ ಬಂದುಬಿಡ್ತಿತ್ತು, ನಾನೇ ಮೊದಲು ಹೇಳಿದ್ದು ಅಂತ ಆಗ್ತಿರಲಿಲ್ಲ. ಎರಡು ವರ್ಷದಿಂದ ನನ್ನ ಒಂದು ಊಹೆಯೂ ನಿಜ ಆಗಿರಲಿಲ್ಲ ಅಕ್ಕ. ಓದೋರು ಬಿಟ್ಟು ಹೋಗ್ತಿದ್ರು. ಮಾರ್ಚ್ ಕಾಗದದಲ್ಲಿ ಹೊಡೆದುಹಾಕಿದ ಆ ಸಾಲು 'ಗ್ವಿಲಿಮ್ ಕಾರ್ಡಿಫ್‌ಗೆ ಮತ್ತೆ ಫೋನ್ ಮಾಡಿ ಕೇಳಲಿ' ಅಂತ.

ಈಗ ನನ್ನಿಂದ ಏನಾದ್ರೂ ಆಗುತ್ತಾ? ಬಿಟ್ಟು ಹೋದವರ ಬಗ್ಗೆ ಬರೀತೀನಿ. ನಿನ್ನ ಹೆಸರು ಹಾಕಿಯೇ ಬರೀತೀನಿ, ನೀನು ಒಪ್ಪಿದ್ರೆ. ಬಹಳ ಜನ ಓದ್ತಾರೆ. ಕಿಟಿವೇಕ್‌ಗೆ ಇನ್ನು ಯಾವ ಪಾಲುದಾರರೂ ಸಿಗಲ್ಲ ಅಂತ ಹೋದ ಮಂಗಳವಾರ ಬರೆದೆ, ಅದನ್ನ ನೋಡಿದ್ರೆ ಕ್ಷಮಿಸು. ತಲೆಗಳೇ ಹೋದ ಮೇಲೆ ಉಳಿದ ಡಬ್ಬಿಗೆ ಯಾರು ಬರ್ತಾರೆ ಅನ್ನೋದು ಉದ್ಯಮದ ಲೆಕ್ಕ.

ಡೆನ್ಜಿ

*

ಸ್ಯಾನ್ ಹೋಸೆ, 30 ಮೇ 2026

ಅಕ್ಕ,

ಒಂದು ತಿಂಗಳಾಯ್ತು, ಒಂದು ಅಕ್ಷರ ಇಲ್ಲ. ದಿನಾ ಅಂಚೆ ಡಬ್ಬಿ ನೋಡ್ತೀನಿ, ನಿಂಬೆ ಗಿಡದ ಔಷಧದ ಜಾಹೀರಾತು ಬರ್ತದೆ. ಅಪ್ಪ ಸತ್ತ ವರ್ಷಾನೂ ನೀನು ಇಷ್ಟು ದಿನ ಬಿಟ್ಟಿರಲಿಲ್ಲ.

ನಿನ್ನೆ ಒಬ್ಬ ಫೋನ್ ಮಾಡಿ, 'ಕಿಟಿವೇಕ್ ಪರವಾಗಿ ಎಚ್. ಪಾಸ್ಕೋ ಅಂತ ಯಾರೋ ಸಹಿ ಮಾಡ್ತಿದ್ದಾರಂತೆ, ನಿಮಗೇನಾಗಬೇಕು?' ಅಂತ ಕೇಳಿದ. ಅಕ್ಕ ಅಂದೆ. ಏನಕ್ಕೆ ಸಹಿ? ಯಾರ ಜೊತೆ? ನಾನು ಬರೆಯಲ್ಲ, ಆಣೆಗೂ ಬರೆಯಲ್ಲ. ನಂಗೆ ಮಾತ್ರ ಹೇಳು.

ಡೆನ್ಜಿ

*

ಬ್ರಿಸ್ಟಲ್, 21 ಜೂನ್ 2026

ಡೆನ್ಜಿಲ್,

ನಿಂಗೆ ಮಾತ್ರ ಹೇಳಬೇಕಾ? ಹೇಳ್ತೀನಿ. ಅಂಚೆ ಎಷ್ಟು ನಿಧಾನವೋ ಅಷ್ಟೇ ನಿಧಾನವಾಗಿ ಹೇಳ್ತೀನಿ. ನಾಳೆ ಸೋಮವಾರ ಇದು ಎಲ್ಲರಿಗೂ ಗೊತ್ತಾಗ್ತದೆ, ಮಂಗಳವಾರ ನಿನ್ನ ಪೈಪೋಟಿಯವರೆಲ್ಲ ಬರೀತಾರೆ. ಈ ಕಾಗದ ನಿನ್ನ ಕೈ ಸೇರೋದು ಜುಲೈಗೆ.

ದೊಡ್ಡಪ್ಪನ ವಕೀಲರು ನಾಲ್ಕೇ ವಾರದಲ್ಲಿ ಒಪ್ಪಂದ ಬರೆದು ಮುಗಿಸಿದ್ರು. ಕಂಪನಿ ಕೊಂಡುಕೊಂಡ್ರು ಅಂತ ಯಾರೂ ಅನ್ನಬಾರದು ಅಂತ, ಆ ಲೈಸೆನ್ಸ್ ಅವರೊಬ್ಬರಿಗೇ ಸೇರಿದ್ದು ಅಂತ ಬರೆಸಲಿಲ್ಲ. ಅಂದ್ರೆ ಅದೇ ವಿನ್ಯಾಸವನ್ನ ನಾವು ಬೇರೆಯವರಿಗೂ ಕೊಡಬಹುದು. ಇಡೀ ಒಪ್ಪಂದ ಓದಿದವಳು ನಾನೊಬ್ಬಳೇ ಇರಬೇಕು. ತಪ್ಪು ಹುಡುಕೋದೇ ಕೆಲಸ ಆದವಳಿಗೆ ಓದೋಕೆ ಬೇರೇನೂ ಇರಲಿಲ್ಲ.

ಏಪ್ರಿಲ್ ಕೊನೆಗೆ ಡೆನ್ಮಾರ್ಕಿನಿಂದ ಕಿವಿಯ ಯಂತ್ರ ಮಾಡೋ ಒಂದು ಕಂಪನಿಯ ಹೆಂಗಸು ಬಂದಳು. ಕಿವುಡರ ಕಿವಿ ಹಿಂದೆ ಇಡೋ ಯಂತ್ರಕ್ಕೆ ನಮ್ಮ ಚಿಪ್ಪೇ ಬೇಕು, ಆದ್ರೆ ಜನ ಹೋದ ಮೇಲೆ ಹೇಗೆ ಅಂತ ಅವಳಿಗೆ ಅನುಮಾನ. 1,140 ಪುಟ ಅವಳ ಮುಂದಿಟ್ಟು, 'ಓದಿ, ಅರ್ಥ ಆಗದೇ ಇದ್ರೆ ಕೇಳಿ' ಅಂದೆ. ಮೂರು ವಾರ ಕೂತಳು. ಯಾರನ್ನೂ ಒಂದು ಮಾತು ಕೇಳದೆ, ಓದಿಕೊಂಡೇ ಇಡೀ ಪರೀಕ್ಷೆ ನಡೆಸಿಬಿಟ್ಟಳು. ಗ್ವಿಲಿಮ್ ಅವಳ ಬೆನ್ನ ಹಿಂದೆ ನಿಂತು ನೋಡ್ತಿದ್ದ, ಉಗುರು ಕಚ್ಚಿಕೊಂಡು. ಕೊನೇ ದಿನ ಅವಳು ಪುಸ್ತಕ ಮುಚ್ಚಿ, 'ಇದನ್ನ ಬರೆದವರನ್ನ ಅವರು ಬಿಟ್ಟು ಹೋದ್ರಾ?' ಅಂದಳು.

ನಿನ್ನೆ ಅವರ ಜೊತೆ ಲೈಸೆನ್ಸಿಗೆ ಸಹಿ ಆಯ್ತು. ಕ್ರಿಸ್ಪಿನ್ ಹೋದ ಮೇಲೆ ಕಂಪನಿ ನಡೆಸೋಕೆ ಉಳಿದವರು ನನ್ನನ್ನೇ ಮುಂದೆ ನಿಲ್ಲಿಸಿದ್ರು, ಹಾಗಾಗಿ ಸಹಿ ನನ್ನದೇ. ಅರವತ್ತೆರಡು ಜನರಲ್ಲಿ ಇಪ್ಪತ್ತಾರು ಜನ ಉಳಿದಿದ್ದೀವಿ, ಮಿಕ್ಕವರು ಕಾಯೋಕಾಗದೆ ಹೋದರು. ಅವರನ್ನ ನಾನು ಉಳಿಸೋಕಾಗಲಿಲ್ಲ. ಚಿಪ್ ಅಕ್ಟೋಬರಿನಲ್ಲಿ ತೈವಾನಿಗೆ ಹೋಗ್ತದೆ. ಗ್ವಿಲಿಮ್‌ಗೆ ಹೆಣ್ಣು ಮಗು. ಅವನಿಗೆ ನಿನ್ನ ತಾರೀಖು ತೋರಿಸಿದೆ, ಮುಚ್ಚಿಡಲಿಲ್ಲ. ಅವನು ಆ ಕಾಗದ ಮಡಿಸಿ ನಂಗೇ ವಾಪಸ್ ಕೊಟ್ಟ.

ನನ್ನ ಬಗ್ಗೆ ಬರೀತೀನಿ ಅಂದೆಯಲ್ಲ, ಬೇಡ. ನಂಗೆ ಗೊತ್ತಿರೋದನ್ನೆಲ್ಲ ನಾನೇ ಬರೆದಿಟ್ಟಿದ್ದೀನಿ. ನಿಂದು ಬಾಕಿ ಇದೆ. ಮನೇಲಿ ಆ ಫಾರಂ ಇನ್ನೊಂದು ಖಾಲಿ ಉಳಿದಿತ್ತು, ನಿನ್ನ ಪರವಾಗಿ ತುಂಬಿ ಇದರ ಜೊತೆ ಇಟ್ಟಿದ್ದೀನಿ. ಸಹಿಯ ಜಾಗ ಬಿಟ್ಟಿದ್ದೀನಿ. ಸರಿಯಾಗಿದ್ರೆ ಸಹಿ ಹಾಕಿ ಅಂಚೇಲಿ ಕಳಿಸು. ಅದು ಬಂದ ಮೇಲೆ ನಿಂಗೆ ಕಾಗದ ಬರೀತೀನಿ.

ಹೆಸ್ಟರ್

ಹೆಸರು: ಡೆನ್ಜಿಲ್ ಪಾಸ್ಕೋ
ಎಷ್ಟು ವರ್ಷದಿಂದ ಇದ್ದೀರಿ: ಐವತ್ತೊಂದು
ನಿಮಗೆ ಮಾತ್ರ ಗೊತ್ತಿರುವುದು ಏನು: ನನ್ನ ಅಕ್ಕನನ್ನು ಬಿಟ್ಟು ಹೋಗುತ್ತಾರೆ ಎಂಬುದು. 17 ಫೆಬ್ರವರಿಯಿಂದ 9 ಏಪ್ರಿಲ್‌ವರೆಗೆ.
ಸಹಿ: